ಕರುಳಿನ ಒಳಪದರದ ಕೋಶಗಳು ಹೊರಬಿಡುವ ಸೈಟೊಕೈನ್ ಅಳೆಯುವುದು ಹೇಗೆ: ದಾವಣಗೆರೆ, ಚಿತ್ರದುರ್ಗ ಕಡೆಯ ಲ್ಯಾಬುಗಳಿಗೆ ಕೈಪಿಡಿ

ನಮ್ಮ ಕರುಳಿನ ಒಳಗೋಡೆಗೆ ಇರುವ ಹೊದಿಕೆ ಒಂದೇ ಸಾಲು ಕೋಶ. ಮೂರರಿಂದ ಐದು ದಿನಕ್ಕೊಮ್ಮೆ ಆ ಸಾಲು ಹಳತು ಉದುರಿ ಹೊಸದಾಗುತ್ತದೆ. ಅದರ ಒಂದು ಮಗ್ಗುಲಿಗೆ ತಿಂದ ಅನ್ನ, ಕುಡಿದ ಮಜ್ಜಿಗೆ, ಲೆಕ್ಕಕ್ಕೆ ಸಿಗದಷ್ಟು ಬ್ಯಾಕ್ಟೀರಿಯಾ. ಇನ್ನೊಂದು ಮಗ್ಗುಲಿಗೆ ರಕ್ತನಾಳ, ರೋಗನಿರೋಧಕ ಕೋಶಗಳು. ಈ ನಡುವಿನ ಸಾಲು ಬರೀ ಗೋಡೆಯಾಗಿ ನಿಂತಿರುವುದಿಲ್ಲ. ಆಚೆ ಅಪಾಯ ಕಂಡರೆ ಈಚೆಯವರಿಗೆ ಸುದ್ದಿ ಮುಟ್ಟಿಸುತ್ತದೆ. ಆ ಸುದ್ದಿ ಒಯ್ಯುವ ಸಣ್ಣ ಪ್ರೋಟೀನುಗಳೇ ಸೈಟೊಕೈನ್ ಮತ್ತು ಕೀಮೋಕೈನ್.

ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿಯಲ್ಲೋ ನಗರದ ವೈದ್ಯಕೀಯ, ಫಾರ್ಮಸಿ ಕಾಲೇಜುಗಳಲ್ಲೋ ಚಿತ್ರದುರ್ಗದಲ್ಲೋ ಪ್ರಾಜೆಕ್ಟ್ ಮಾಡುವವರು ಇದನ್ನು ಅಳೆಯಲು ಹೊರಟಾಗ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಎಷ್ಟು ಪಿಕೋಗ್ರಾಂ ಬಂತು? ಆ ಅಂಕಿ ಒಂದರಿಂದ ಏನೂ ತಿಳಿಯುವುದಿಲ್ಲ. ಕೋಶದ ಯಾವ ಮುಖದಿಂದ ಬಂತು, ಪ್ರಚೋದಕ ಹಾಕಿದ ಎಷ್ಟನೇ ಗಂಟೆಗೆ ಬಂತು, ಬರುವಾಗ ಕೋಶ ಬದುಕಿತ್ತೋ ಸತ್ತಿತ್ತೋ ಎಂಬ ಮೂರೂ ಗೊತ್ತಿದ್ದರೆ ಮಾತ್ರ ಅಂಕಿಗೆ ಅರ್ಥ. ಈ ಕೈಪಿಡಿಯ ಒತ್ತು ಅದರ ಮೇಲೇ.

ಮೊದಲು ಯಾವುದನ್ನು ಅಳೆಯಬೇಕೆಂದು ಗೊತ್ತುಮಾಡಿಕೊಳ್ಳಿ

ಕಿಟ್ ತರಿಸುವ ಮುಂಚೆ ಒಂದು ಸಂಜೆ ಇದಕ್ಕೆ ಕೊಡಿ. ಆಂಟಿಬಾಡಿಯಿಂದ ಪ್ರೋಟೀನ್ ಹಿಡಿದು ಬಣ್ಣದಲ್ಲಿ ಅಳೆಯುವ ಎಲೈಸಾ ಕಿಟ್ ಅಗ್ಗದ ಸಾಮಾನಲ್ಲ. ತಪ್ಪು ಕಿಟ್ ಬಂದರೆ ಆ ವರ್ಷದ ಅನುದಾನವೇ ಹೋಯಿತು. ಟಿಎನ್‌ಎಫ್-ಆಲ್ಫಾ, ಐಎಲ್-6, ಐಎಲ್-10 ಎಂದು ಬರೆದುಕೊಂಡು ಬರುವವರು ಬಹಳ (ಐಎಲ್ ಎಂದರೆ ಇಂಟರ್‌ಲ್ಯೂಕಿನ್; ಎಲ್ಲವೂ ಸೈಟೊಕೈನ್‌ಗಳೇ). ಅವು ಹೆಚ್ಚಾಗಿ ಮ್ಯಾಕ್ರೋಫೇಜ್, ಲಿಂಫೋಸೈಟ್‌ಗಳ ಕೆಲಸ. ಕರುಳಿನ ಎಪಿಥೀಲಿಯಲ್, ಅಂದರೆ ಒಳಪದರದ, ಕೋಶಸಾಲುಗಳಲ್ಲಿ (ಲ್ಯಾಬಿನಲ್ಲಿ ಬೆಳೆಸುವ ಸೆಲ್ ಲೈನ್) ಅವು ಸಿಗುವುದು ಬಹಳ ಕಡಿಮೆ. ಅಳೆದರೂ ಪ್ಲೇಟಿನ ಬಹುಪಾಲು ವೆಲ್‌ಗಳು, ಅಂದರೆ ಗುಳಿಗಳು, ಖಾಲಿ ತೋರುತ್ತವೆ.

ಹೊಸದಾಗಿ ಕೈಹಾಕುವವರಿಗೆ ಐಎಲ್-8 ಒಂದೇ ಸಾಕು. ನ್ಯೂಟ್ರೋಫಿಲ್‌ಗಳನ್ನು ಕರೆಯುವ ಕೀಮೋಕೈನ್ ಇದು. ಎಪಿಥೀಲಿಯಲ್ ಕೋಶ ಇದನ್ನು ಧಾರಾಳವಾಗಿ ತಯಾರಿಸುತ್ತದೆ, ಕೋಶ ಬೆಳೆಯುವ ದ್ರವವಾದ ಮೀಡಿಯಾದಲ್ಲಿ ಕೆಡದೆ ಉಳಿಯುತ್ತದೆ, ಎಲೈಸಾದಲ್ಲಿ ಚೊಕ್ಕವಾಗಿ ಕಾಣುತ್ತದೆ. ಎರಡನೆಯದು ಬೇಕೆಂದರೆ ಡೆಂಡ್ರಿಟಿಕ್ ಕೋಶಗಳನ್ನು ಕರೆಯುವ ಸಿಸಿಎಲ್-20. ಇಲಿಗೆ ಐಎಲ್-8ರ ಜೀನ್ ಇಲ್ಲವೇ ಇಲ್ಲ. ಆ ಕೆಲಸವನ್ನು ಅದರಲ್ಲಿ ಕೆಸಿ, ಎಂಐಪಿ-2 ಎಂಬವು ನೋಡಿಕೊಳ್ಳುತ್ತವೆ. ಇಲಿಯ ಕೋಶ ಇಟ್ಟುಕೊಂಡು ಮನುಷ್ಯರ ಐಎಲ್-8 ಕಿಟ್ ತರಿಸಬೇಡಿ.

ಐಎಲ್-18 ಮತ್ತು ಐಎಲ್-33 ಬೇರೆ ಜಾತಿಯವು. ಐಎಲ್-8 ಹುಟ್ಟುವುದೇ ಕರೆ ಬಂದ ಮೇಲೆ: ಕೋಶದ ಗ್ರಾಹಕಕ್ಕೆ (ರಿಸೆಪ್ಟರ್) ಸಂಕೇತ ತಗುಲಿದ 15ರಿಂದ 30 ನಿಮಿಷದೊಳಗೆ ಐಕೆಬಿ-ಆಲ್ಫಾ ಎಂಬ ತಡೆ ಪ್ರೋಟೀನ್ ನಾಶವಾಗುತ್ತದೆ, ಎನ್‌ಎಫ್-ಕಪ್ಪಾ-ಬಿ ಕೋಶಕೇಂದ್ರಕ್ಕೆ ಹೋಗುತ್ತದೆ, ಒಂದರಿಂದ ಮೂರು ಗಂಟೆಯೊಳಗೆ ಎಂಆರ್‌ಎನ್‌ಎ ಏರುತ್ತದೆ. ಆಮೇಲೆ ಪ್ರೋಟೀನ್ ಕೋಶದ ರವಾನೆ ಕೇಂದ್ರವಾದ ಗಾಲ್ಜಿಯ ದಾರಿ ಹಿಡಿದು ಹೊರಬರುತ್ತದೆ. ಐಎಲ್-18 ಹಾಗಲ್ಲ. 24 ಕಿಲೋಡಾಲ್ಟನ್‌ನ ಅರೆಬೆಂದ ರೂಪದಲ್ಲಿ ಕೋಶದೊಳಗೆ ಮೊದಲೇ ದಾಸ್ತಾನಿರುತ್ತದೆ. ಅಪಾಯ ಪತ್ತೆಮಾಡುವ ಪ್ರೋಟೀನ್ ಗುಂಪಾದ ಇನ್‌ಫ್ಲಮಸೋಮ್ ಎಚ್ಚೆತ್ತಾಗ ಕ್ಯಾಸ್ಪೇಸ್-1 ಅದನ್ನು 18 ಕಿಲೋಡಾಲ್ಟನ್‌ಗೆ ಕತ್ತರಿಸುತ್ತದೆ, ಗ್ಯಾಸ್ಡರ್ಮಿನ್-ಡಿ ಪೊರೆಯಲ್ಲಿ ಕೊರೆದ ರಂಧ್ರದಿಂದ ಅದು ಹೊರಗೆ ಬರುತ್ತದೆ. ಐಎಲ್-33 ಕೋಶಕೇಂದ್ರದಲ್ಲೇ ಕೂತಿದ್ದು ಕೋಶ ಒಡೆದಾಗ ಚೆಲ್ಲುತ್ತದೆ. ಇವೆರಡರಲ್ಲೂ ಗಾಲ್ಜಿಗೆ ಹೋಗುವ ಸಂಕೇತಭಾಗವಿಲ್ಲ. ಐಎಲ್-25 ಟಫ್ಟ್ ಕೋಶಗಳದ್ದು. ನಾವು ಬೆಳೆಸುವ ಕ್ಯಾನ್ಸರ್ ಕೋಶಸಾಲುಗಳಲ್ಲಿ ಅದನ್ನು ಹುಡುಕುವುದು ವ್ಯರ್ಥ.

ಕೋಶ ತರಿಸುವುದು, ಬೆಳೆಸುವುದು

ಎರಡು ಕೋಶಸಾಲು ಸಾಕು: ಎಚ್‌ಟಿ-29 ಮತ್ತು ಕ್ಯಾಕೊ-2. ಎರಡೂ ದೊಡ್ಡಕರುಳಿನ ಕ್ಯಾನ್ಸರಿನಿಂದ ಬಂದವು. ಎಚ್‌ಟಿ-29 ಟಿಎನ್‌ಎಫ್-ಆಲ್ಫಾ ಕಂಡೊಡನೆ ಐಎಲ್-8 ಸುರಿಸುತ್ತದೆ. ಹಾಗಾಗಿ ಕಲಿಕೆಗೆ ಅದೇ ಸರಿ. ಕ್ಯಾಕೊ-2 ತುಂಬಿ ಬೆಳೆದು ಮೂರು ವಾರ ಕಳೆದರೆ ಸಣ್ಣಕರುಳಿನ ಕೋಶದ ಹಾಗೆ ಮೇಲ್ಮುಖ, ಕೆಳಮುಖ ಎರಡನ್ನೂ ರೂಢಿಸಿಕೊಳ್ಳುತ್ತದೆ. ಮುಖದ ಪ್ರಶ್ನೆಗೆ ಉತ್ತರ ಬೇಕಾದವರಿಗೆ ಇದು. ಕ್ಯಾಕೊ-2ಕ್ಕೆ ಟಿಎನ್‌ಎಫ್‌ಗಿಂತ ಐಎಲ್-1 ಬೀಟಾ ನಂಬಿಗಸ್ತ ಪ್ರಚೋದಕ.

ಕೋಶಗಳು ಪುಣೆಯ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರದ ಭಂಡಾರದಿಂದ ಸಿಗುತ್ತವೆ. ಪುಣೆ, ದಾವಣಗೆರೆ, ಚಿತ್ರದುರ್ಗ, ಬೆಂಗಳೂರು ಎಲ್ಲವೂ ಒಂದೇ 48ನೇ ಹೆದ್ದಾರಿಯ ಮೇಲಿವೆ, ಆದರೂ ಏಪ್ರಿಲ್, ಮೇ ತಿಂಗಳಲ್ಲಿ ತರಿಸದಿರುವುದು ಒಳ್ಳೆಯದು. ಬಿಸಿಲು 38 ಡಿಗ್ರಿ ಮುಟ್ಟುವ ದಿನಗಳಲ್ಲಿ ಪೆಟ್ಟಿಗೆ ಗೋಡೌನಿನಲ್ಲಿ ಕೂತರೆ ಒಳಗಿನ ಕೋಶ ಬೇಯುತ್ತದೆ. ಜುಲೈಯಿಂದ ಜನವರಿಯವರೆಗೆ ತರಿಸಿ. ಶುಕ್ರವಾರ ಹೊರಡುವ ಪಾರ್ಸೆಲ್ ಬೇಡವೆಂದು ಮೊದಲೇ ಹೇಳಿಬಿಡಿ. ಭಾನುವಾರ ಅದನ್ನು ಇಳಿಸಿಕೊಳ್ಳಲು ಯಾರೂ ಇರುವುದಿಲ್ಲ.

ಬೆಳೆಯುತ್ತಿರುವ ಕೋಶವಿರುವ ಫ್ಲಾಸ್ಕ್ ಬಾಯಿತನಕ ಮೀಡಿಯಾ ತುಂಬಿಕೊಂಡು ಬರುತ್ತದೆ. ಬಂದ ತಕ್ಷಣ ಹೊರಮೈಯನ್ನು 70% ಆಲ್ಕೋಹಾಲಿನಿಂದ ಒರೆಸಿ, ಮುಚ್ಚಳ ತೆಗೆಯದೆ ಕೆಲವು ಗಂಟೆ 37 ಡಿಗ್ರಿಯಲ್ಲಿ ಮಲಗಿಸಿಡಿ. ದಾರಿಯ ಅಲುಗಾಟಕ್ಕೆ ಸಡಿಲಾದ ಕೋಶಗಳು ಮತ್ತೆ ಕೂರಲಿ. ಆಮೇಲೆ ಹೆಚ್ಚಿನ ಮೀಡಿಯಾ ತೆಗೆದು ಟಿ-25 ಫ್ಲಾಸ್ಕಿನಲ್ಲಿ 5 ಮಿಲಿ ಉಳಿಸಿ. ತೆಗೆದ ಮೀಡಿಯಾವನ್ನು ಚೆಲ್ಲಬೇಡಿ. ಸೆಂಟ್ರಿಫ್ಯೂಜ್ ಮಾಡಿದರೆ ತೇಲಿಹೋದ ಗುಂಪುಗಳು ತಳದಲ್ಲಿ ಸಿಗುತ್ತವೆ. ಅವನ್ನು ಇನ್ನೊಂದು ಫ್ಲಾಸ್ಕಿಗೆ ಹಾಕಿ. ಒಂದು ಕೆಟ್ಟರೆ ಇನ್ನೊಂದು ಕೈಯಲ್ಲಿರುತ್ತದೆ.

ಮೀಡಿಯಾ: ಲೀಟರಿಗೆ 4.5 ಗ್ರಾಂ ಗ್ಲೂಕೋಸ್ ಇರುವ ಡಿಎಂಇಎಂ. ಎಚ್‌ಟಿ-29ಕ್ಕೆ 10% ಫೀಟಲ್ ಬೋವೈನ್ ಸೀರಂ. ಕ್ಯಾಕೊ-2ಕ್ಕೆ ಮೊದಮೊದಲು 20%, ಜೊತೆಗೆ 1% ನಾನ್-ಎಸೆನ್ಷಿಯಲ್ ಅಮೈನೋ ಆಮ್ಲ. ಇನ್‌ಕ್ಯುಬೇಟರ್ 37 ಡಿಗ್ರಿ, ಇಂಗಾಲದ ಡೈಆಕ್ಸೈಡ್ 5%. ಅದರ ತಳದ ತಟ್ಟೆಗೆ ಆಟೊಕ್ಲೇವ್ ಮಾಡಿದ ಡಿಸ್ಟಿಲ್ಡ್ ನೀರನ್ನೇ ಹಾಕಿ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಒಂದು ತಿಂಗಳಲ್ಲಿ ತಟ್ಟೆಯ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತದೆ, ಅದರ ಸಂದಿಯಲ್ಲಿ ಬೂಷ್ಟು ಮನೆಮಾಡುತ್ತದೆ. ಆಟೊಕ್ಲೇವಿನ ಹೀಟರ್ ಸುಟ್ಟುಹೋಗುವುದೂ ಬಹುತೇಕ ಇದೇ ಉಪ್ಪಿನಿಂದ.

ಕರೆಂಟಿನ ವಿಚಾರ ನೇರವಾಗಿ ಹೇಳಬೇಕು. ಇನ್‌ಕ್ಯುಬೇಟರಿಗೆ ಪ್ರತ್ಯೇಕ ಯುಪಿಎಸ್ ಇಲ್ಲದೆ ಮೂರು ವಾರದ ಕ್ಯಾಕೊ-2 ಪ್ರಯೋಗ ಶುರುಮಾಡಬೇಡಿ. ಕರೆಂಟ್ ಹೋದಾಗ ಬಾಗಿಲು ತೆರೆದು ನೋಡುವ ಆಸೆ ಬರುತ್ತದೆ, ತೆರೆಯಬೇಡಿ. ಮುಚ್ಚಿದ್ದರೆ ಶಾಖ ಬಹಳ ಹೊತ್ತು ಉಳಿಯುತ್ತದೆ.

ಕೋಶ ಬಿಡಿಸಲು 0.25% ಟ್ರಿಪ್ಸಿನ್-ಇಡಿಟಿಎ. ಕ್ಯಾಕೊ-2 ಗಟ್ಟಿಯಾಗಿ ಅಂಟಿರುತ್ತದೆ, 5ರಿಂದ 10 ನಿಮಿಷ ಬೇಕು. ಅವಸರಪಟ್ಟು ಫ್ಲಾಸ್ಕ್ ಬಡಿದರೆ ಹಾಳೆಹಾಳೆಯಾಗಿ ಎದ್ದುಬರುತ್ತದೆ, ಎಣಿಕೆಯೂ ಸುಳ್ಳಾಗುತ್ತದೆ. 70-80% ತುಂಬಿದಾಗಲೇ ಬಿಡಿಸಿ, ಒಂದನ್ನು ಮೂರರಿಂದ ಆರಾಗಿ ಹಂಚಿ. ಕೋಶವನ್ನು ತಳಕ್ಕಿಳಿಸಲು 300 ಜಿ ಸಾಕು. ನಮ್ಮ ಕಾಲೇಜುಗಳ ಹಳೆಯ ಸೆಂಟ್ರಿಫ್ಯೂಜ್‌ಗಳು ಆರ್‌ಪಿಎಂ ಮಾತ್ರ ತೋರಿಸುತ್ತವೆ. ರೋಟರಿನ ತ್ರಿಜ್ಯ 10 ಸೆಂಟಿಮೀಟರ್ ಇದ್ದರೆ 300 ಜಿ ಎಂದರೆ ಸುಮಾರು 1,640 ಆರ್‌ಪಿಎಂ.

ಬೆಳೆಸಿದ ಕೋಶಗಳಿಗೆ ಸೇರಿಕೊಳ್ಳುವ ಅತಿಸಣ್ಣ ಬ್ಯಾಕ್ಟೀರಿಯಾ ಮೈಕೋಪ್ಲಾಸ್ಮಾ. ಅದರ ಪರೀಕ್ಷೆಯನ್ನು ಯಾರೂ ಇಷ್ಟಪಟ್ಟು ಮಾಡುವುದಿಲ್ಲ. ಆದರೆ ಈ ಕೆಲಸದಲ್ಲಿ ಅದನ್ನು ಬಿಡುವ ಹಾಗಿಲ್ಲ. ಮೈಕೋಪ್ಲಾಸ್ಮಾದ ಮೈಮೇಲಿನ ಲಿಪೊಪ್ರೋಟೀನ್, ಸೂಕ್ಷ್ಮಜೀವಿ ಗುರುತಿಸುವ ಗ್ರಾಹಕಗಳಲ್ಲೊಂದಾದ ಟಿಎಲ್‌ಆರ್-2ನ್ನು ಎಬ್ಬಿಸುತ್ತದೆ. ಏನೂ ಹಾಕದ ವೆಲ್ಲಿನಲ್ಲೂ ಐಎಲ್-8 ತುಂಬಿರುತ್ತದೆ. ಮೀಡಿಯಾ ಮಬ್ಬಾಗುವುದಿಲ್ಲ, ಬಣ್ಣ ಹಾಕದೆ ಸೂಕ್ಷ್ಮದರ್ಶಕದಲ್ಲೂ ಕಾಣುವುದಿಲ್ಲ. ಹೊಸ ಕೋಶ ಬಂದಾಗ ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ ಪಿಸಿಆರ್ ಮಾಡಿ. ಅದಿಲ್ಲದಿದ್ದರೆ ಡಿಎನ್‌ಎಗೆ ಅಂಟಿ ಹೊಳೆಯುವ ಡಿಎಪಿಐ ಬಣ್ಣ ಹಾಕಿ, ಕೋಶಕೇಂದ್ರದ ಹೊರಗೆ ಚುಕ್ಕಿಚುಕ್ಕಿಯಾಗಿ ಹೊಳೆಯುತ್ತದೆಯೇ ನೋಡಿ.

ಮೊದಲ ಪ್ರಯೋಗ: 24 ವೆಲ್ ಪ್ಲೇಟ್

ಎಚ್‌ಟಿ-29 ಕೋಶಗಳನ್ನು ಬಿಡಿಸಿ, ಟ್ರಿಪಾನ್ ಬ್ಲೂ ಜೊತೆ ಸಮಸಮ ಬೆರೆಸಿ ನ್ಯೂಬಾವರ್ ಚೇಂಬರಿನಲ್ಲಿ ಎಣಿಸಿ. ನಾಲ್ಕು ಮೂಲೆಯ ಚೌಕಗಳ ಸರಾಸರಿ 45 ಬಂತೆನ್ನಿ. 45 × 2 × 10,000, ಅಂದರೆ ಮಿಲಿಗೆ 9 ಲಕ್ಷ. ವೆಲ್ಲಿಗೆ 1 ಲಕ್ಷ ಕೋಶ, ಅರ್ಧ ಮಿಲಿ ಮೀಡಿಯಾದಲ್ಲಿ. 24 ವೆಲ್ಲಿಗೆ ಬೇಕಾದ್ದು 24 ಲಕ್ಷವಾದರೂ 26 ಲಕ್ಷಕ್ಕೆ ತಯಾರಿಸಿ: 2.9 ಮಿಲಿ ಕೋಶದ ದ್ರವಕ್ಕೆ 10.1 ಮಿಲಿ ಮೀಡಿಯಾ ಸೇರಿಸಿ 13 ಮಿಲಿ ಮಾಡಿಕೊಳ್ಳಿ. ಹಾಕುವಾಗ ನಾಲ್ಕೈದು ವೆಲ್ಲಿಗೊಮ್ಮೆ ಟ್ಯೂಬ್ ಅಲ್ಲಾಡಿಸಿ. ಕೋಶ ತಳಕ್ಕಿಳಿಯುತ್ತಿರುತ್ತದೆ, ಕೊನೆಯ ವೆಲ್‌ಗಳಿಗೆ ಹೆಚ್ಚು ಹೋಗಿಬಿಡುತ್ತದೆ. ಹಾಕಿದ ಮೇಲೆ ಪ್ಲೇಟನ್ನು ಗುಂಡಗೆ ತಿರುಗಿಸಿದರೆ ಎಲ್ಲ ನಡುವಿಗೆ ಬಂದು ಗುಡ್ಡೆಯಾಗುತ್ತದೆ. ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಸರಿಸಿ.

ಎರಡು ಮೂರು ದಿನದಲ್ಲಿ ತಳ ತುಂಬುತ್ತದೆ. ಪ್ರಚೋದಕ ಹಾಕುವ ಹಿಂದಿನ ರಾತ್ರಿ ಮೀಡಿಯಾ ಬದಲಿಸಿ 1% ಸೀರಂ ಇರುವುದನ್ನು ಕೊಡಿ. ಸೀರಮ್ಮಿನ ಅಬ್ಬರ ಇಳಿದು ತಳಮಟ್ಟದ ಐಎಲ್-8 ಕಡಿಮೆಯಾಗುತ್ತದೆ, ಪ್ರಚೋದಕದ ಪರಿಣಾಮ ಎದ್ದು ಕಾಣುತ್ತದೆ.

ಟಿಎನ್‌ಎಫ್-ಆಲ್ಫಾ ಮಿಲಿಗೆ 10 ನ್ಯಾನೋಗ್ರಾಂ ಸಾಕು. 10 ಮೈಕ್ರೋಗ್ರಾಮಿನ ಸೀಸೆಯನ್ನು ತೆರೆಯುವ ಮುನ್ನ ಒಮ್ಮೆ ಸೆಂಟ್ರಿಫ್ಯೂಜ್ ಮಾಡಿ, ಪುಡಿ ಮುಚ್ಚಳಕ್ಕೆ ಅಂಟಿರುತ್ತದೆ. 0.1% ಬಿಎಸ್‌ಎ ಇರುವ ಸ್ಟೆರೈಲ್ ಪಿಬಿಎಸ್ 100 ಮೈಕ್ರೋಲೀಟರ್ ಹಾಕಿ ಕರಗಿಸಿದರೆ ಮಿಲಿಗೆ 100 ಮೈಕ್ರೋಗ್ರಾಂ ಆಯಿತು. 5 ಮೈಕ್ರೋಲೀಟರಿನಂತೆ ಹಂಚಿ ಮೈನಸ್ 80ರಲ್ಲಿಡಿ. ಬಳಸುವ ದಿನ ಒಂದನ್ನು ನೂರು ಪಟ್ಟು ತೆಳು ಮಾಡಿ, ಅದನ್ನು ಮೀಡಿಯಾದಲ್ಲಿ ಮತ್ತೆ ನೂರು ಪಟ್ಟು. ಬಿಎಸ್‌ಎ ಬಿಟ್ಟರೆ ಇಷ್ಟು ಕಡಿಮೆ ಪ್ರೋಟೀನ್ ಪ್ಲಾಸ್ಟಿಕ್ಕಿಗೇ ಅಂಟಿಕೊಂಡು ಮಾಯವಾಗುತ್ತದೆ. ಪ್ರತಿ ವೆಲ್ಲಿಗೆ ಒಂದೊಂದು ಹನಿ ಹಾಕುವ ಬದಲು ಪ್ರಚೋದಕ ಬೆರೆಸಿದ ಮೀಡಿಯಾವನ್ನೇ ಒಟ್ಟಿಗೆ ತಯಾರಿಸಿ ಅರ್ಧರ್ಧ ಮಿಲಿ ಹಾಕಿ. ವೆಲ್‌ಗಳ ನಡುವಿನ ವ್ಯತ್ಯಾಸ ಅರ್ಧಕ್ಕರ್ಧ ಇದರಿಂದಲೇ ಕಡಿಮೆಯಾಗುತ್ತದೆ.

ಪ್ಲೇಟಿನಲ್ಲಿ ಇರಲೇಬೇಕಾದವು, ಒಂದೊಂದೂ ಮೂರು ವೆಲ್: ಏನೂ ಹಾಕದ ಕೋಶ, ದ್ರಾವಕ ಮಾತ್ರ ಹಾಕಿದ ಕೋಶ, ಟಿಎನ್‌ಎಫ್, ಉರಿಯೂತ ತಗ್ಗಿಸುವ ಡೆಕ್ಸಾಮೆಥಾಸೋನ್ 1 ಮೈಕ್ರೋಮೋಲಾರ್ ಒಂದು ಗಂಟೆ ಮೊದಲೇ ಕೊಟ್ಟು ಆಮೇಲೆ ಟಿಎನ್‌ಎಫ್, ನಿಮ್ಮ ಪರೀಕ್ಷಾ ವಸ್ತು, ಅದು ಮತ್ತು ಟಿಎನ್‌ಎಫ್ ಎರಡೂ, ಕೋಶವೇ ಇಲ್ಲದ ಮೀಡಿಯಾ. ಟಿಎನ್‌ಎಫ್ ಹಾಕಿದ ವೆಲ್ಲಿನಲ್ಲಿ ಟಿಎನ್‌ಎಫ್ ಅಳೆದು ‘ಏರಿತು’ ಎಂದು ಬರೆಯಬೇಡಿ, ನೀವು ಹಾಕಿದ್ದೇ ವಾಪಸು ಬಂದಿರುತ್ತದೆ. ಪ್ರಬಂಧಗಳಲ್ಲಿ ಈ ತಪ್ಪು ಮತ್ತೆ ಮತ್ತೆ ಕಾಣುತ್ತದೆ.

ಬ್ಯಾಕ್ಟೀರಿಯಾದ ಹೊರಪೊರೆಯ ಅಂಶವಾದ ಎಲ್‌ಪಿಎಸ್ ಹಾಕಿ ಏನೂ ಬರಲಿಲ್ಲ ಎಂಬುದು ಇನ್ನೊಂದು ದೂರು. ಅದು ಪ್ರಯೋಗದ ಸೋಲಲ್ಲ, ಕರುಳಿನ ಸ್ವಭಾವ. ಸದಾಕಾಲ ಬ್ಯಾಕ್ಟೀರಿಯಾದ ನಡುವೆ ಇರುವ ಈ ಕೋಶಗಳು ಎಲ್‌ಪಿಎಸ್ ಗುರುತಿಸುವ ಟಿಎಲ್‌ಆರ್-4 ಮತ್ತು ಅದರ ಜೊತೆಗಾರ ಎಂಡಿ-2 ಎರಡನ್ನೂ ಕಡಿಮೆ ಇಟ್ಟುಕೊಂಡಿರುತ್ತವೆ; ಇಲ್ಲದಿದ್ದರೆ ನಮ್ಮ ಕರುಳು ದಿನವೂ ಉರಿಯುತ್ತಿತ್ತು. ಬ್ಯಾಕ್ಟೀರಿಯಾದ ಕಡೆಯ ಪ್ರಚೋದಕವೇ ಬೇಕೆಂದರೆ ಸಾಲ್ಮೊನೆಲ್ಲಾದ ಬಾಲದ ಪ್ರೋಟೀನಾದ ಶುದ್ಧ ಫ್ಲ್ಯಾಜೆಲಿನ್, ಮಿಲಿಗೆ 100 ನ್ಯಾನೋಗ್ರಾಂ, ಒಳ್ಳೆಯ ಆಯ್ಕೆ. ಒರಟು ಎಲ್‌ಪಿಎಸ್‌ಗೆ ಕ್ಯಾಕೊ-2 ಜೋರಾಗಿ ಸ್ಪಂದಿಸಿತೆಂದರೆ ಸಂತೋಷಪಡುವ ಮೊದಲು ಅದರಲ್ಲಿ ಬೆರೆತ ಲಿಪೊಪ್ರೋಟೀನ್ ಅಥವಾ ಫ್ಲ್ಯಾಜೆಲಿನ್ ಮೇಲೆ ಅನುಮಾನ ಪಡಿ.

ಗಂಟೆಗಳ ವಿಷಯಕ್ಕೆ ಬಂದರೆ, ಮೊದಲ ಸಲ 0, 2, 4, 8, 24 ಎಂದು ಐದು ಹೊತ್ತಿಗೆ ತೆಗೆಯಿರಿ. 24ನೇ ಗಂಟೆಯದೊಂದನ್ನೇ ತೆಗೆದರೆ ನಿಮ್ಮ ವಸ್ತು ಬಿಡುಗಡೆಯನ್ನು ತಡೆಯಿತೋ ಬರೀ ತಡಮಾಡಿತೋ ಗೊತ್ತಾಗುವುದಿಲ್ಲ. ಪ್ರತಿ ಹೊತ್ತಿಗೂ ಬೇರೆ ವೆಲ್ ಇರಲಿ. ಒಂದೇ ವೆಲ್ಲಿನಿಂದ ಸ್ವಲ್ಪಸ್ವಲ್ಪ ತೆಗೆದರೆ ಉಳಿದ ಪ್ರಮಾಣದ ಲೆಕ್ಕ ತಪ್ಪುತ್ತದೆ. ತೆಗೆದ ದ್ರವವನ್ನು 4 ಡಿಗ್ರಿಯಲ್ಲಿ 500 ಜಿ, 5 ನಿಮಿಷ ತಿರುಗಿಸಿ ತೇಲುವ ಕೋಶ ಕಳೆದು, ಮೂರು ಭಾಗ ಮಾಡಿ ಮೈನಸ್ 80ರಲ್ಲಿಡಿ. ಒಮ್ಮೆ ಕರಗಿಸಿದ ಭಾಗವನ್ನು ಮತ್ತೆ ಹೆಪ್ಪುಗಟ್ಟಿಸಬಾರದು.

ಎಲೈಸಾ, ನಮ್ಮೂರ ಸೆಖೆಯಲ್ಲಿ

ಕ್ರಮ ಕಿಟ್‌ನ ಕಾಗದದಲ್ಲಿ ಇದ್ದೇ ಇರುತ್ತದೆ: ಹಿಡಿಯುವ ಆಂಟಿಬಾಡಿ ರಾತ್ರಿಯಿಡೀ, 1% ಬಿಎಸ್‌ಎ ಒಂದು ಗಂಟೆ, ಮಾದರಿ 100 ಮೈಕ್ರೋಲೀಟರ್ ಎರಡು ಗಂಟೆ, ಬಯೋಟಿನ್ ಆಂಟಿಬಾಡಿ, ಸ್ಟ್ರೆಪ್ಟಾವಿಡಿನ್-ಎಚ್‌ಆರ್‌ಪಿ ಕಿಣ್ವ, ಅದರಿಂದ ಬಣ್ಣಕ್ಕೆ ತಿರುಗುವ ಟಿಎಂಬಿ, ಕೊನೆಗೆ ಆಮ್ಲ, 450 ನ್ಯಾನೋಮೀಟರಿನಲ್ಲಿ ಓದುವುದು. ಆ ಕಾಗದ ಹೇಳದೆ ಬಿಡುವ ವಿಚಾರಗಳನ್ನಷ್ಟೇ ಇಲ್ಲಿ ಹೇಳುತ್ತೇವೆ.

ಅದರಲ್ಲಿ ‘ಕೋಣೆಯ ಉಷ್ಣತೆ’ ಎಂದರೆ 20ರಿಂದ 25 ಡಿಗ್ರಿ. ದಾವಣಗೆರೆಯ ಮಾರ್ಚ್ ಮಧ್ಯಾಹ್ನದ ಕೋಣೆ 34 ಡಿಗ್ರಿ ಇರಬಹುದು. ಆ ಶಾಖದಲ್ಲಿ ಟಿಎಂಬಿ ಬೇಗ ನೀಲಿಯಾಗುತ್ತದೆ. ಕಾಗದದಲ್ಲಿ 20 ನಿಮಿಷ ಎಂದಿದೆಯೆಂದು ಕಾದರೆ ಮೇಲಿನ ಮೂರ್ನಾಲ್ಕು ಸ್ಟ್ಯಾಂಡರ್ಡ್‌ಗಳು ಒಂದೇ ಬಣ್ಣಕ್ಕೆ ಬಂದು ನಿಂತಿರುತ್ತವೆ. ಎಸಿ ಕೋಣೆಯಲ್ಲಿ ಮಾಡಿ. ಅದಿಲ್ಲದಿದ್ದರೆ ಬೆಳಿಗ್ಗೆ ಏಳಕ್ಕೆ ಶುರುಮಾಡಿ ಬಿಸಿಲೇರುವ ಮುಂಚೆ ಮುಗಿಸಿ. ಟಿಎಂಬಿ ಹಾಕಿದ ಮೇಲೆ ಗಡಿಯಾರಕ್ಕಿಂತ ಪ್ಲೇಟಿನ ಮೇಲೆ ಕಣ್ಣಿಡಿ: ಅತಿ ಹೆಚ್ಚಿನ ಸ್ಟ್ಯಾಂಡರ್ಡ್ ಗಾಢ ನೀಲಿಯಾಗಿ, ಅದರ ಕೆಳಗಿನದು ಇನ್ನೂ ತಿಳಿಯಾಗಿ, ಖಾಲಿ ವೆಲ್ ನೀರಿನಂತೆಯೇ ಇರುವಾಗ ಆಮ್ಲ ಹಾಕಿ. ಟಿಎಂಬಿ ಹಾಕಿದ ಅದೇ ಸಾಲಿನ ಕ್ರಮದಲ್ಲಿ, ಅದೇ ವೇಗದಲ್ಲಿ ಹಾಕಬೇಕು.

ತೊಳೆಯುವ ದ್ರವಕ್ಕೆ ಟ್ವೀನ್-20 ಲೀಟರಿಗೆ ಅರ್ಧ ಮಿಲಿ. ತೊಳೆದ ಮೇಲೆ ಪ್ಲೇಟನ್ನು ಬೋರಲು ಹಾಕಿ ಟಿಶ್ಯೂ ಕಾಗದದ ಮೇಲೆ ಗಟ್ಟಿಯಾಗಿ ಬಡಿಯಿರಿ. ಖಾಲಿ ವೆಲ್ ನೀಲಿಯಾಗುವುದಕ್ಕೆ ಹತ್ತರಲ್ಲಿ ಎಂಟು ಸಲ ಕಾರಣ ಸೋಮಾರಿ ತೊಳೆತ. ಯಾವ ದ್ರಾವಣದಲ್ಲೂ ಸೋಡಿಯಂ ಅಜೈಡ್ ಇರಬಾರದು. ಅದು ಎಚ್‌ಆರ್‌ಪಿ ಕಿಣ್ವವನ್ನು ಕೊಲ್ಲುತ್ತದೆ, ಇಡೀ ಪ್ಲೇಟ್ ಬಿಳಿಯಾಗಿ ಉಳಿಯುತ್ತದೆ.

ಸ್ಟ್ಯಾಂಡರ್ಡ್ ಸಾಮಾನ್ಯವಾಗಿ ಮಿಲಿಗೆ 2,000 ಪಿಕೋಗ್ರಾಮಿನಿಂದ ಅರ್ಧರ್ಧ ಇಳಿಯುತ್ತಾ 31.2ರವರೆಗೆ. ಟಿಎನ್‌ಎಫ್ ಪಡೆದ ಎಚ್‌ಟಿ-29ರ 24 ಗಂಟೆಯ ಮಾದರಿ ಇದರ ನೆತ್ತಿ ದಾಟಿಬಿಡಬಹುದು. ಮೊದಲ ಪ್ಲೇಟಿನಲ್ಲಿ ಒಂದೇ ಮಾದರಿಯನ್ನು ಹಾಗೆಯೇ, 5 ಪಟ್ಟು, 20 ಪಟ್ಟು ತೆಳುಮಾಡಿ ಓಡಿಸಿ. ಮೂರರ ಅಂಕಿಯನ್ನೂ ತೆಳುಮಾಡಿದ ಪಟ್ಟಿನಿಂದ ಗುಣಿಸಿದಾಗ ಹತ್ತಿರಹತ್ತಿರ ಬಂದರೆ ಸರಿ. ತೆಳು ಮಾಡಿದಷ್ಟೂ ಲೆಕ್ಕದ ಅಂಕಿ ಏರುತ್ತಾ ಹೋದರೆ, ಮೊದಲಿನದು ವಕ್ರರೇಖೆಯ ಮೇಲಂಚಿನಲ್ಲಿ ಸಿಕ್ಕಿಕೊಂಡಿತ್ತೆಂದು ಅರ್ಥ. ಲೆಕ್ಕಕ್ಕೆ ನಾಲ್ಕು-ಪ್ಯಾರಾಮೀಟರ್ ವಕ್ರರೇಖೆ ಬಳಸಿ. ಎಕ್ಸೆಲ್‌ನಲ್ಲಿ ನೇರ ಗೆರೆ ಎಳೆದರೆ ಎರಡೂ ತುದಿಯಲ್ಲಿ ಸುಳ್ಳು ಹೇಳುತ್ತದೆ.

ಯಾವ ಮುಖದಿಂದ?

ಇಲ್ಲಿಗೆ ಕ್ಯಾಕೊ-2 ಬೇಕು, 0.4 ಮೈಕ್ರೋಮೀಟರ್ ರಂಧ್ರದ ಟ್ರಾನ್ಸ್‌ವೆಲ್ (ವೆಲ್ಲಿನೊಳಗೆ ಇಳಿಬಿಡುವ, ಪೊರೆಯೇ ತಳವಾಗಿರುವ ಇನ್‌ಸರ್ಟ್) ಬೇಕು, ತಾಳ್ಮೆ ಎಲ್ಲಕ್ಕಿಂತ ಹೆಚ್ಚು ಬೇಕು. 12 ವೆಲ್ಲಿನ ಇನ್‌ಸರ್ಟಿನ ವಿಸ್ತೀರ್ಣ 1.12 ಚದರ ಸೆಂಟಿಮೀಟರ್. ಅದಕ್ಕೆ ಸುಮಾರು 1 ಲಕ್ಷ ಕೋಶ, ಮೇಲೆ 0.5 ಮಿಲಿ, ಕೆಳಗೆ 1.5 ಮಿಲಿ ಮೀಡಿಯಾ. ಎರಡು ದಿನಕ್ಕೊಮ್ಮೆ ಬದಲಿಸುತ್ತಾ 21 ದಿನ. ಮೀಡಿಯಾ ತೆಗೆಯುವಾಗ ಮೊದಲು ಕೆಳಗಿನದು, ಆಮೇಲೆ ಮೇಲಿನದು. ಹಾಕುವಾಗ ಮೊದಲು ಮೇಲೆ, ಆಮೇಲೆ ಕೆಳಗೆ. ತಿರುಗಾಮುರುಗಾ ಮಾಡಿದರೆ ಕೆಳಗಿನಿಂದ ಬರುವ ಒತ್ತಡಕ್ಕೆ ಪದರ ಏಳುತ್ತದೆ. ಪಿಪೆಟ್ಟಿನ ತುದಿ ಇನ್‌ಸರ್ಟಿನ ಗೋಡೆಗೆ ತಾಗಲಿ, ಪೊರೆಗೆ ತಾಗಬಾರದು.

ಜೊತೆಯಲ್ಲೇ ಸಾದಾ ಪ್ಲಾಸ್ಟಿಕ್ ಪ್ಲೇಟಿನಲ್ಲೂ ಅದೇ ದಿನ ಒಂದಿಷ್ಟು ಕೋಶ ಹಾಕಿಡಿ. ತುಂಬಿ ಬೆಳೆದ ಕ್ಯಾಕೊ-2 ಉಪ್ಪು, ನೀರನ್ನು ಮೇಲಿನಿಂದ ಕೆಳಕ್ಕೆ ಸಾಗಿಸುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಅದಕ್ಕೆ ಹೋಗಲು ಜಾಗವಿಲ್ಲದೆ, ಹೆಂಚಿನ ಮೇಲಿನ ಜೋಳದ ರೊಟ್ಟಿಯಂತೆ ಪದರ ಅಲ್ಲಲ್ಲಿ ಉಬ್ಬುತ್ತದೆ. ಸೂಕ್ಷ್ಮದರ್ಶಕದ ಫೋಕಸ್ ಮೇಲೆ ಕೆಳಗೆ ಆಡಿಸಿದರೆ ಉಬ್ಬಿನ ನೆತ್ತಿ ಒಂದು ಮಟ್ಟದಲ್ಲಿ, ಬುಡ ಇನ್ನೊಂದು ಮಟ್ಟದಲ್ಲಿ ಚೊಕ್ಕವಾಗುತ್ತದೆ. ಅದು ಕಂಡರೆ ಕೋಶಗಳು ಮುಖ ರೂಢಿಸಿಕೊಂಡಿವೆ, ಸಂದಿಗಳು ಬಿಗಿದಿವೆ.

ಅಂಕಿಯಲ್ಲಿ ಹೇಳಬೇಕಾದರೆ ವಿದ್ಯುತ್ ತಡೆ, ಅಂದರೆ ಟಿಇಇಆರ್ ಅಳೆಯಿರಿ. ಕೋಶವಿಲ್ಲದ ಇನ್‌ಸರ್ಟಿನ ಓಮ್ ಕಳೆದು ವಿಸ್ತೀರ್ಣದಿಂದ ಗುಣಿಸಬೇಕು. ಕೋಶವಿರುವುದು 520, ಖಾಲಿಯದು 120 ಬಂದರೆ 400 × 1.12 = 448 ಓಮ್-ಚದರ ಸೆಂಟಿಮೀಟರ್. 300 ದಾಟಿದ ಇನ್‌ಸರ್ಟ್‌ಗಳನ್ನು ಮಾತ್ರ ಬಳಸಿ. ಇನ್‌ಕ್ಯುಬೇಟರಿನಿಂದ ತೆಗೆದ ತಕ್ಷಣ ಅಳೆದರೆ ಒಂದು ಅಂಕಿ, ತಣಿದ ಮೇಲೆ ಅದಕ್ಕಿಂತ ಹೆಚ್ಚಿನ ಅಂಕಿ. ಪ್ರತಿ ಸಲವೂ 20 ನಿಮಿಷ ಹೊರಗಿಟ್ಟು, ಕೋಣೆಯ ಉಷ್ಣತೆ ಬರೆದುಕೊಂಡೇ ಅಳೆಯಿರಿ. ಡಿಸೆಂಬರಿನ ಅಂಕಿಯನ್ನು ಮೇ ತಿಂಗಳಿನದಕ್ಕೆ ಹೋಲಿಸಲು ಬೇರೆ ದಾರಿಯಿಲ್ಲ. ತೊಳೆಯಲು ಕ್ಯಾಲ್ಸಿಯಂ ಇರುವ ಪಿಬಿಎಸ್ ಬಳಸಿ. ಇಲ್ಲದ್ದರಲ್ಲಿ ನೆನೆದರೆ ಬಿಗಿ ಸಂದಿಗಳೇ ಸಡಿಲವಾಗುತ್ತವೆ.

ಪ್ರಚೋದಕವನ್ನು ಯಾವ ಕಡೆಗೆ ಹಾಕಿದಿರಿ ಎಂಬುದೂ ಉತ್ತರವನ್ನು ಬದಲಿಸುತ್ತದೆ. ಫ್ಲ್ಯಾಜೆಲಿನ್ ಗುರುತಿಸುವ ಟಿಎಲ್‌ಆರ್-5 ಕೆಳಮುಖದಲ್ಲಿ ಇರುತ್ತದೆಂದು 2001ರಲ್ಲೇ ತೋರಿಸಿಕೊಟ್ಟಿದ್ದಾರೆ. ಬ್ಯಾಕ್ಟೀರಿಯಾ ಗೋಡೆಯ ಆಚೆ ಇರುವ ತನಕ ಸುಮ್ಮನಿದ್ದು, ದಾಟಿ ಬಂದಾಗ ಕೂಗುವ ಏರ್ಪಾಡು ಇದು. ಟಿಎನ್‌ಎಫ್, ಐಎಲ್-1 ಬೀಟಾ ಕೂಡ ದೇಹದಲ್ಲಿ ಕೆಳಗಿನಿಂದಲೇ ಬರುವಂಥವು, ಕೆಳಗಿನ ಮೀಡಿಯಾಕ್ಕೇ ಹಾಕಿ.

ಬಂದ ಐಎಲ್-8 ಹೆಚ್ಚಾಗಿ ಕೆಳಕ್ಕೆ ಇಳಿದಿರುತ್ತದೆ, ನ್ಯೂಟ್ರೋಫಿಲ್ ಇರುವುದು ಆ ಕಡೆಯೇ ತಾನೇ. ಇದನ್ನು ತೋರಿಸುವಾಗ ಸಾಂದ್ರತೆಯನ್ನು ಹೋಲಿಸಬೇಡಿ, ಒಟ್ಟು ಮೊತ್ತ ಹೋಲಿಸಿ. ಮೇಲೆ ಮಿಲಿಗೆ 200, ಕೆಳಗೆ ಮಿಲಿಗೆ 600 ಪಿಕೋಗ್ರಾಂ ಬಂದರೆ ಮೂರು ಪಟ್ಟು ಎನಿಸುತ್ತದೆ. ಆದರೆ ಮೇಲಿರುವುದು ಅರ್ಧ ಮಿಲಿ, ಅಂದರೆ 100 ಪಿಕೋಗ್ರಾಂ. ಕೆಳಗಿರುವುದು ಒಂದೂವರೆ ಮಿಲಿ, ಅಂದರೆ 900. ನೂರಕ್ಕೆ ತೊಂಬತ್ತು ಪಾಲು ಕೆಳಗೆ ಹೋಗಿದೆ. ಪ್ರಯೋಗದ ಕೊನೆಯಲ್ಲಿ ಟಿಇಇಆರ್ ಇನ್ನೊಮ್ಮೆ ಅಳೆಯಿರಿ. ಅದು ಬಿದ್ದಿದ್ದರೆ ಎರಡು ಕಡೆಯ ದ್ರವ ಬೆರೆತಿದೆ, ಮುಖದ ಲೆಕ್ಕವನ್ನು ಕೈಬಿಡಬೇಕು.

ಬದುಕಿ ಬಿಟ್ಟದ್ದೋ, ಸತ್ತು ಸೋರಿದ್ದೋ

ಪ್ರತಿ ಮಾದರಿಯಲ್ಲೂ ಎಲ್‌ಡಿಎಚ್ ಅಳೆಯಿರಿ. ಅದು ಕೋಶದೊಳಗಿನ ಕಿಣ್ವ, ಪೊರೆ ಹರಿದರೆ ಮಾತ್ರ ಹೊರಬರುತ್ತದೆ. ಮೂರು ವೆಲ್‌ಗಳನ್ನು 1% ಟ್ರೈಟಾನ್ ಎಕ್ಸ್-100 ಹಾಕಿ ಪೂರಾ ಒಡೆದರೆ ಅದು 100%. ಏನೂ ಹಾಕದ ವೆಲ್ಲಿನದು ಸೊನ್ನೆ. ಮಾದರಿಯದನ್ನು ಈ ಎರಡರ ನಡುವೆ ಲೆಕ್ಕ ಹಾಕಿ. 10% ದಾಟಿದ ಮಾದರಿಯ ಐಎಲ್-18, ಐಎಲ್-33 ಅಂಕಿಗಳನ್ನು ‘ಬಿಡುಗಡೆ’ ಎಂದು ಬರೆಯಲು ನಾವಂತೂ ಒಪ್ಪುವುದಿಲ್ಲ. ಐಎಲ್-18ಕ್ಕೆ ವೆಸ್ಟರ್ನ್ ಬ್ಲಾಟ್ ಜೊತೆಗಿರಲಿ: ಹೊರಗಿನ ದ್ರವದಲ್ಲಿ 18ರ ಪಟ್ಟಿ ಕಂಡರೆ ಕತ್ತರಿಸಿ ಕಳಿಸಿದ್ದು, 24ರ ಪಟ್ಟಿ ಮಾತ್ರ ಕಂಡರೆ ಕೋಶ ಒಡೆದು ಚೆಲ್ಲಿದ್ದು.

ಐಎಲ್-8ಕ್ಕೆ ಬೇರೆ ಪರೀಕ್ಷೆ ಇದೆ. ಬ್ರೆಫೆಲ್ಡಿನ್-ಎ, ಮಿಲಿಗೆ 5 ಮೈಕ್ರೋಗ್ರಾಂ, ಟಿಎನ್‌ಎಫ್ ಜೊತೆ 4 ಗಂಟೆ. ಅದು ಗಾಲ್ಜಿಯ ದಾರಿಯನ್ನೇ ಮುಚ್ಚುತ್ತದೆ. ಹೊರಗೆ ಐಎಲ್-8 ಇಳಿದು, ಕೋಶ ಒಡೆದು ಅಳೆದಾಗ ಒಳಗೆ ಏರಿದ್ದರೆ ಸರಿಯಾದ ದಾರಿಯಲ್ಲೇ ಬರುತ್ತಿತ್ತೆಂದು ಖಾತ್ರಿ. ನಾಲ್ಕು ಗಂಟೆಗಿಂತ ಹೆಚ್ಚು ಇಟ್ಟರೆ ಕೋಶವೇ ಸಾಯತೊಡಗುತ್ತದೆ.

ಇದೇ ಕಾರಣಕ್ಕೆ ‘ನಮ್ಮ ಸಾರ ಐಎಲ್-8 ಕಡಿಮೆ ಮಾಡಿತು’ ಎಂಬ ಫಲಿತಾಂಶವನ್ನೂ ಅನುಮಾನದಿಂದ ನೋಡಬೇಕು. ಸತ್ತ ಕೋಶ ಐಎಲ್-8 ಮಾಡುವುದಿಲ್ಲ. ಬದುಕಿದ ಕೋಶ ನೇರಳೆಗೆ ತಿರುಗಿಸುವ ಎಂಟಿಟಿ ಬಣ್ಣದಲ್ಲೋ ಪ್ರೋಟೀನ್ ಅಳತೆಯಲ್ಲೋ ಕೋಶಗಳು ಅಷ್ಟೇ ಇವೆಯೆಂದು ತೋರಿಸಿ, ಮಿಲಿಗ್ರಾಂ ಪ್ರೋಟೀನಿಗೆ ಇಷ್ಟು ಪಿಕೋಗ್ರಾಂ ಎಂದು ಬರೆಯಿರಿ.

ಗಿಡದ ಸಾರ, ಮಜ್ಜಿಗೆಯ ಬ್ಯಾಕ್ಟೀರಿಯಾ

ನಮ್ಮ ಕಡೆ ಈ ವಿಧಾನವನ್ನು ಬಳಸುವವರಲ್ಲಿ ಹೆಚ್ಚಿನವರು ಪರೀಕ್ಷಿಸಬಯಸುವುದು ಇವನ್ನೇ. ಜೋಗಿಮಟ್ಟಿ ಕಾಡಿನ ಎಲೆಯೋ ಹಿತ್ತಲಿನ ಬೇರೋ, ಮಣ್ಣು ಮುಟ್ಟಿದ ಯಾವ ಸಾರದಲ್ಲೂ ಬ್ಯಾಕ್ಟೀರಿಯಾದ ಎಂಡೊಟಾಕ್ಸಿನ್, ಅಂದರೆ ಮೇಲೆ ಹೇಳಿದ ಎಲ್‌ಪಿಎಸ್, ಇರುತ್ತದೆ. 0.2 ಮೈಕ್ರೋಮೀಟರ್ ಫಿಲ್ಟರ್ ಅದನ್ನು ತಡೆಯುವುದಿಲ್ಲ, ಸಾಮಾನ್ಯ ಆಟೊಕ್ಲೇವೂ ಪೂರಾ ನಾಶಮಾಡುವುದಿಲ್ಲ. ಎಂಡೊಟಾಕ್ಸಿನ್ ಅಳೆಯುವ ಎಲ್‌ಎಎಲ್ ಪರೀಕ್ಷೆ ಮಾಡಿಸಿ, ಅಥವಾ ಒಂದು ಸಾಲಿನಲ್ಲಿ ಅದನ್ನು ಹಿಡಿದು ಕಟ್ಟಿಹಾಕುವ ಪಾಲಿಮಿಕ್ಸಿನ್-ಬಿ ಮಿಲಿಗೆ 10 ಮೈಕ್ರೋಗ್ರಾಂ ಸೇರಿಸಿ ಪರಿಣಾಮ ಉಳಿಯುತ್ತದೆಯೇ ನೋಡಿ. ಸಾರ ಕರಗಿಸುವ ಡಿಎಂಎಸ್‌ಒ ಕೊನೆಯಲ್ಲಿ 0.1% ಮೀರಬಾರದು. ಬಣ್ಣದ ಸಾರ ಎಂಟಿಟಿಯ ಓದನ್ನು ಕೆಡಿಸುತ್ತದೆ. ಎಷ್ಟೋ ಸಾರಗಳು ಕೋಶವಿಲ್ಲದೆಯೂ ಎಂಟಿಟಿಯನ್ನು ನೇರಳೆ ಮಾಡುತ್ತವೆ. ಕೋಶವಿಲ್ಲದ ವೆಲ್ಲಿನಲ್ಲಿ ಸಾರ ಮತ್ತು ಎಂಟಿಟಿ ಮಾತ್ರ ಹಾಕಿ ನೋಡದೆ ಮುಂದೆ ಹೋಗಬೇಡಿ. ಹಾಗೆಯೇ ಗೊತ್ತಿರುವಷ್ಟು ಐಎಲ್-8 ಸ್ಟ್ಯಾಂಡರ್ಡನ್ನು ಸಾರದೊಳಗೆ ಬೆರೆಸಿ ಎಲೈಸಾ ಮಾಡಿ. ಹಾಕಿದ 500 ಪಿಕೋಗ್ರಾಮಿನಲ್ಲಿ 300 ಮಾತ್ರ ಸಿಕ್ಕರೆ ಸಾರದ ಟ್ಯಾನಿನ್ ಮುಂತಾದವು ಪ್ರೋಟೀನನ್ನೇ ಹಿಡಿದಿಟ್ಟಿರಬಹುದು. ಆಗ ಇಳಿದದ್ದು ಉರಿಯೂತ ಅಲ್ಲ, ನಿಮ್ಮ ಅಳತೆ.

ಬೆಣ್ಣೆ ಕಡೆದ ಮಜ್ಜಿಗೆಯಿಂದ ಬೇರ್ಪಡಿಸಿದ ಲ್ಯಾಕ್ಟೊಬ್ಯಾಸಿಲಸ್ ಹಾಕುವವರು ಆಂಟಿಬಯೋಟಿಕ್ ಇಲ್ಲದ ಮೀಡಿಯಾದಲ್ಲಿ, ಒಂದು ಕೋಶಕ್ಕೆ ಹತ್ತು ಬ್ಯಾಕ್ಟೀರಿಯಾದಂತೆ ಶುರುಮಾಡಿ. ಎರಡು ಮೂರು ಗಂಟೆಯಲ್ಲಿ ತೊಳೆದು, ಜೆಂಟಾಮೈಸಿನ್ ಮಿಲಿಗೆ 100 ಮೈಕ್ರೋಗ್ರಾಂ ಇರುವ ಹೊಸ ಮೀಡಿಯಾ ಕೊಡಿ. ರಾತ್ರಿಯಿಡೀ ಬಿಟ್ಟರೆ ಮೀಡಿಯಾ ಹಳದಿಗೆ ತಿರುಗುತ್ತದೆ, ಕೋಶ ಹುಳಿಗೆ ಸಾಯುತ್ತದೆ. ಬ್ಯಾಕ್ಟೀರಿಯಾ ಬೆಳೆದ ಎಂಆರ್‌ಎಸ್ ಎಂಬ ಪೋಷಕ ದ್ರವವನ್ನೇ ಪರೀಕ್ಷಿಸುವುದಾದರೆ ಅದರ ಪಿಎಚ್ ಸುಮಾರು 4ಕ್ಕೆ ಇಳಿದಿರುತ್ತದೆ. ಪಿಎಚ್ 7.2ಕ್ಕೆ ಸರಿಪಡಿಸಿ, ಫಿಲ್ಟರ್ ಮಾಡಿ, ಮೀಡಿಯಾದಲ್ಲಿ 10% ಮೀರದಂತೆ ಹಾಕಿ. ಎದುರಿಗೆ ಎರಡು ಹೋಲಿಕೆ ಇರಲಿ: ಬ್ಯಾಕ್ಟೀರಿಯಾ ಬೆಳೆಯದ ಎಂಆರ್‌ಎಸ್ ಅಷ್ಟೇ ಪ್ರಮಾಣದಲ್ಲಿ, ಮತ್ತು ಲ್ಯಾಕ್ಟಿಕ್ ಆಮ್ಲದಿಂದ ಪಿಎಚ್ 4ಕ್ಕೆ ಇಳಿಸಿ ಮತ್ತೆ 7.2ಕ್ಕೆ ಏರಿಸಿದ ಎಂಆರ್‌ಎಸ್. ಈ ಎರಡೂ ವೆಲ್‌ಗಳಲ್ಲಿ ಐಎಲ್-8 ಇಳಿಯದೆ ನಿಮ್ಮ ಬ್ಯಾಕ್ಟೀರಿಯಾದ ದ್ರವದಲ್ಲಿ ಮಾತ್ರ ಇಳಿದಿದ್ದರೆ, ಎಲ್‌ಡಿಎಚ್ ಕೂಡ ಏರದಿದ್ದರೆ, ಆ ಪರಿಣಾಮವನ್ನು ಬ್ಯಾಕ್ಟೀರಿಯಾದ ಖಾತೆಗೆ ಬರೆಯಬಹುದು.